ಅಳಿಸುವ ಕೆಲಸ

ಮಂಗಳವಾರ ಮಧ್ಯಾಹ್ನ ನಾನು ಅಳಿಸುತ್ತೇನೆ.
ಹೀಯುಮಾ ದ್ವೀಪದ ಗ್ರಂಥಾಲಯ,
ಹೊರಗೆ ಮೂರೂವರೆಗೇ ಕತ್ತಲು,
ಒಳಗೆ ನಾನು, ಒಂದು ಬಿಳಿ ರಬ್ಬರು,
ವಾಪಸು ಬಂದ ಪುಸ್ತಕಗಳ ಗುಡ್ಡೆ.

ಕಾದಂಬರಿಗಳ ಅಂಚು ಸಾಮಾನ್ಯವಾಗಿ ಸ್ವಚ್ಛ.
ಅಳುವವರು ಅತ್ತು ಹಾಳೆ ತಿರುವುತ್ತಾರೆ, ಅಷ್ಟೆ.
ಪೆನ್ಸಿಲ್ಲು ಹೊರಬರುವುದು
ಕಲಿಸುತ್ತೇನೆಂದು ಬಂದ ಪುಸ್ತಕಗಳ ಮೇಲೆ.

ರೊಟ್ಟಿ ಸುಡುವ ಪುಸ್ತಕ, ನಲವತ್ತೆಂಟನೆಯ ಪುಟ:
"ಉಪ್ಪು ಜಾಸ್ತಿ."
ಕೆಳಗೆ ನೀಲಿ ಶಾಯಿಯಲ್ಲಿ, ಗಟ್ಟಿಯಾಗಿ ಒತ್ತಿ:
"ಜಾಸ್ತಿ ಅಲ್ಲ. ನಿಮ್ಮ ಚಮಚ ದೊಡ್ಡದು."
ಶಾಯಿ ರಬ್ಬರಿಗೆ ಬಗ್ಗುವುದಿಲ್ಲ. ಬಿಟ್ಟೆ.

'ಸುಮ್ಮನೆ ನಿಂತರೆ ಜೇನು ಕಚ್ಚುವುದಿಲ್ಲ'
ಎಂಬ ಸಾಲಿನ ಪಕ್ಕ ಎಂಡೆಲ್
ಹನ್ನೊಂದು ಗೀಟು ಎಳೆದಿದ್ದಾನೆ.
ಮಾತಿಲ್ಲ, ಬರೀ ಲೆಕ್ಕ.

'ಉತ್ತರಕ್ಕೆ ಮುಖಮಾಡಿ ಆಕಾಶ ನೋಡಿ.'
"ಉತ್ತರಕ್ಕೆ ಹಂದಿದೊಡ್ಡಿ ಇದೆ."

ಅಕಾರ್ಡಿಯನ್ನಿನ ಮೂರು ಪಾಠದವರೆಗೆ
ಯಾರೋ ಬೆರಳಿನ ನಂಬರು ಬರೆದುಕೊಂಡಿದ್ದಾರೆ.
ನಾಲ್ಕನೆಯದರ ನೆತ್ತಿಯ ಮೇಲೆ ಬೇರೆಯದೇ ಅಕ್ಷರ:
"ದಯವಿಟ್ಟು ಇಲ್ಲಿಗೆ ಸಾಕು. ಗೋಡೆ ತೆಳು."

ಓದಿ ಅಭಿಪ್ರಾಯ ಹೇಳುವವರಲ್ಲ ಇವರು,
ಮಾಡಿ, ಕೆಡಿಸಿ, ಕೈ ಒರೆಸದೆ ಹೇಳುವವರು.
ಹಾಳೆಗೆ ಹಿಟ್ಟು ಮೆತ್ತಿದೆ, ಗೋಂದು ಮೆತ್ತಿದೆ,
ಒಮ್ಮೆ ರಕ್ತ ಕೂಡ:
ಮರಗೆತ್ತನೆ, ಉಳಿ ಹಿಡಿಯುವ ಬಗೆ, ಚಿತ್ರ ಏಳು.

ದೋಣಿ ಕಟ್ಟುವ ಪುಸ್ತಕದ್ದು ಮಾತ್ರ ಬೇರೆ ಕಥೆ.
ನೂರ ಹನ್ನೆರಡನೆಯ ಪುಟದಲ್ಲಿ ಎರಡು ಕೈಬರಹ.
"ಈ ಹಲಗೆ ಹೀಗೆ ಬಗ್ಗದು."
"ಆವಿ ಕೊಟ್ಟರೆ ಬಗ್ಗುತ್ತೆ."
"ಕೊಟ್ಟೆ. ಸೀಳಿತು."
"ಎಷ್ಟು ಹೊತ್ತು?"
"ಪುಸ್ತಕ ಹೇಳಿದಂತೆ, ಇಪ್ಪತ್ತು ನಿಮಿಷ."
"ಪುಸ್ತಕಕ್ಕೇನು ಗೊತ್ತು. ಒಂದು ಗಂಟೆ."
ಮೂರು ವಾರಕ್ಕೊಂದು ವಾಕ್ಯ, ಎರವಲಿನ ಅವಧಿ ಅಷ್ಟೇ.
ಒಂದು, ದೀಪಸ್ತಂಭದಿಂದ ನಿವೃತ್ತನಾದ ಹೆಲ್ದುರನ ಕೈ,
ಇನ್ನೊಂದು, ದಂತವೈದ್ಯರ ಬಳಿ ಕೆಲಸದ ಊರ್ವೆಯದು.
ಅವನ ಬಾಚಿಹಲ್ಲು ಕೀಳುವಾಗ ಅವನ ದವಡೆ ಹಿಡಿದಿದ್ದವಳು ಅವಳೇ.
ಇಬ್ಬರಿಗೂ ಗೊತ್ತಿಲ್ಲ. ನನಗೆ ಗೊತ್ತು.
ಓದುಗರ ಗುಟ್ಟು ಹೇಳಬಾರದೆಂಬುದು ನಿಯಮ,
ಆ ಪುಟ ಅಳಿಸಬೇಕೆಂಬುದೂ ನಿಯಮವೇ.
ಮೇಲಿನವರು ಕೇಳಿದರು. ಶಾಯಿ, ಹೋಗಲ್ಲ, ಎಂದೆ.

ಜೂನಿನಲ್ಲಿ ಊರ್ವೆ ದೋಣಿಯನ್ನು ನೀರಿಗಿಳಿಸಿದಳು.
ಮೂತಿಯ ಮೇಲೆ ಬಿಳಿ ಬಣ್ಣದಲ್ಲಿ ಹೆಸರು: ನೂರ ಹನ್ನೆರಡು.
ಎಡಮಗ್ಗುಲಲ್ಲಿ ನೀರು ಜಿನುಗುತ್ತಿತ್ತು,
ಕಾಫಿ ಡಬ್ಬಿಯಿಂದ ಮೊಗೆದು ಹೊರಚೆಲ್ಲುತ್ತ
ಹುಟ್ಟು ಹಾಕಿದಳು.
ಕಟ್ಟೆಯ ಮೇಲೆ ಮೀನಿನ ಚೀಲ ಹಿಡಿದ ಹೆಲ್ದುರ್
ಹೆಸರನ್ನು ಎರಡು ಸಲ ಓದಿಕೊಂಡ,
ಆಮೇಲೆ ಕೈ ಬಾಯಿಗಿಟ್ಟು ಕೂಗಿದ,
"ಒಂದು ಗಂಟೆ ಪೂರ್ತಿ ಕೊಟ್ಟೆಯಾ?"
ಅವಳೇನೆಂದಳೋ, ಗಾಳಿ ಆ ಕಡೆಗಿತ್ತು.

ನನ್ನ ವಿಷಯ ಹೇಳುವಂಥದ್ದಲ್ಲ.
ಸುತ್ತ ಸಮುದ್ರ, ಐವತ್ತಾರು ವರ್ಷ, ಈಜು ಬಾರದು.
ಸಾವಿರ ಜನ ಕಲಿತದ್ದನ್ನು ಓದಿ ಓದಿ
ಅಳಿಸುವುದೊಂದನ್ನೇ ಕಲಿತ ಕೈ ಇದು.
ಈಜಿನ ಪುಸ್ತಕದ ಮೊದಲ ಪುಟದಲ್ಲಿ ಯಾರೋ ಬರೆದಿದ್ದರು,
"ಇದರಲ್ಲಿ ನೀರೇ ಇಲ್ಲ."
ರಬ್ಬರು ಎತ್ತಿದೆ. ಕೆಳಗಿಟ್ಟೆ.
ನನ್ನ ಹೆಸರಿಗೇ ಮುದ್ರೆ ಒತ್ತಿಕೊಂಡು ಮನೆಗೆ ಒಯ್ದೆ.

ಎರಡು ಸಲ ಅವಧಿ ಮೀರಿತು, ದಂಡ ಕಟ್ಟಿದೆ.
ಸೆಪ್ಟೆಂಬರಿನ ಮಂಗಳವಾರ ಅದು ನನ್ನ ಮೇಜಿಗೆ ಬಂದಾಗ
ಹಾಳೆಗಳು ಉಬ್ಬಿದ್ದವು,
ಹೊಲಿಗೆಯೊಳಗೆ ಮರಳು.
ಆ ಸಾಲಿನ ಕೆಳಗೆ, ಪೆನ್ಸಿಲ್ಲಿನಲ್ಲೇ,
ಯಾರಾದರೂ ಅಳಿಸಬಹುದಾದಷ್ಟು ಮೆಲ್ಲಗೆ, ಬರೆದೆ:
"ಮೂವತ್ತೊಂದನೆಯ ಪುಟ ಮುಟ್ಟಿ ನೋಡಿ."